ಹಳೆಯ ಮನೆಯ ಮಾಳಿಗೆ ಬದಲಿಸುವ ಮುನ್ನ: ಖರ್ಚಿನ ಅಂದಾಜು ಮತ್ತು ಉಳಿತಾಯದ ದಾರಿ

ಸೊಲ್ಲಾಪುರ ನಗರದ ಹಳೆಯ ಪೇಟೆಗಳಲ್ಲಿ, ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಕನ್ನಡ ಕುಟುಂಬಗಳು ತಲೆಮಾರುಗಳಿಂದ ಬಾಳಿಕೊಂಡು ಬಂದ ಮಾಳಿಗೆ ಮನೆಗಳು ಇಂದಿಗೂ ಬಹಳಷ್ಟಿವೆ. ಕಲ್ಲು ಮಣ್ಣಿನ ಅಗಲ ಗೋಡೆ, ಒಳಗೆ ಕಂಬ ತೊಲೆ, ಮೇಲೆ ಜಂತಿ, ಅದರ ಮೇಲೆ ಬಿಳಿ ಮಣ್ಣಿನ ಮೇಲ್ಮುದ್ದೆ: ಇದು ಈ ಸೀಮೆಯ ಮನೆಯ ರೂಪ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಜಂತಿಗೆ ಗೆದ್ದಲು ಹತ್ತಿ, ವರ್ಷವರ್ಷವೂ ಮಣ್ಣು ಹೇರಿ ಮಾಳಿಗೆ ಭಾರವಾದ ಮೇಲೆ ಅದೇ ಮನೆ ಅಪಾಯದ ಮನೆಯಾಗುತ್ತದೆ.

ಮಳೆ ಜೋರಾದ ಮರುದಿನ ತರಗತಿಯಲ್ಲಿ ಯಾವ ಮಕ್ಕಳು ಬಂದಿಲ್ಲ ಎಂಬುದನ್ನು ನೋಡಿದರೆ ಊರಿನಲ್ಲಿ ಯಾವ ಮಾಳಿಗೆಗಳು ಸೋರುತ್ತಿವೆ ಎಂಬುದು ಶಿಕ್ಷಕರಾದ ನಮಗೆ ತಿಳಿಯುತ್ತದೆ. ಪುಸ್ತಕ ತೊಯ್ದಿರುತ್ತದೆ, ರಾತ್ರಿಯೆಲ್ಲ ಬೋಗುಣಿ ಇಟ್ಟು ನೀರು ಹಿಡಿದ ಮಗುವಿಗೆ ನಿದ್ದೆಯಾಗಿರುವುದಿಲ್ಲ. ಮಾಳಿಗೆ ಒಮ್ಮೆಲೇ ಬಿದ್ದು ಅವಸರದ ಸಾಲ ಮಾಡಿದ ಮನೆಯಲ್ಲಿ ಮೊದಲ ಕತ್ತರಿ ಬೀಳುವುದು ಹೆಚ್ಚಾಗಿ ಹೆಣ್ಣುಮಗಳ ಮುಂದಿನ ಓದಿಗೆ. ಆದುದರಿಂದ ಮಾಳಿಗೆ ಬೀಳುವ ಮೊದಲೇ ಲೆಕ್ಕ ಹಾಕಿ, ಎರಡು ಮೂರು ವರ್ಷಗಳಲ್ಲಿ ಹಣ ಕೂಡಿಸಿ, ಕ್ರಮವಾಗಿ ಕೆಲಸ ಮಾಡಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮಾಳಿಗೆಯ ಭಾರ ಎಷ್ಟು?

ಬ್ರಾಸ್ ಎಂಬ ಅಳತೆ ನಮ್ಮ ಭಾಗದ ಎಲ್ಲರಿಗೂ ಪರಿಚಿತ. ಒಂದು ಬ್ರಾಸ್ ಎಂದರೆ 100 ಘನ ಅಡಿ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ದಪ್ಪದ ಮಣ್ಣಿದ್ದರೆ ಅದು ಸರಿಯಾಗಿ ಒಂದು ಬ್ರಾಸ್. ಅದರ ತೂಕ ಸುಮಾರು ನಾಲ್ಕೂವರೆ ಟನ್. 400 ಚದರ ಅಡಿಯ ಮನೆಯಾದರೆ ತಲೆಯ ಮೇಲೆ ಸುಮಾರು 18 ಟನ್ ಮಣ್ಣು ಇದೆ ಎಂದರ್ಥ. ಮಳೆನೀರು ಕುಡಿದಾಗ ತೂಕ ಇನ್ನೂ ಹೆಚ್ಚುತ್ತದೆ. ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಹಾಕುತ್ತ ಬಂದ ಮನೆಗಳಲ್ಲಿ ದಪ್ಪ ಒಂದೂವರೆ, ಎರಡು ಅಡಿಗೂ ಏರಿರುತ್ತದೆ.

ಈ ಭಾರ ಏನು ಮಾಡಬಲ್ಲದು ಎಂಬುದನ್ನು ಕಿಲ್ಲಾರಿಯ ಭೂಕಂಪ ತೋರಿಸಿಕೊಟ್ಟಿತು. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು, ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದದ್ದೇ ಇಷ್ಟೊಂದು ಸಾವಿಗೆ ಮುಖ್ಯ ಕಾರಣವಾಯಿತು. ಅದೇ ಊರುಗಳಲ್ಲಿ ಗಟ್ಟಿ ಕಂಬ ತೊಲೆಗಳ ಮೇಲೆ ಮಾಳಿಗೆ ನಿಂತಿದ್ದ ಮನೆಗಳು ಕೆಲವೆಡೆ ಗೋಡೆ ಬಿದ್ದರೂ ನಿಂತೇ ಉಳಿದವು. ನಮ್ಮ ಮನೆಗಳೂ ಅದೇ ಜಾತಿಯವು ಎಂಬುದನ್ನು ಮರೆಯಬಾರದು.

ಭೂಕಂಪಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಮಳೆ. ಸೊಲ್ಲಾಪುರ ಅಲ್ಪ ಮಳೆಯ ಜಿಲ್ಲೆಯೆಂದು ಹೆಸರಾದರೂ ಸಪ್ಟೆಂಬರ್ ತಿಂಗಳ ಉತ್ತರಿ, ಹಸ್ತ ಮಳೆಗಳು ಒಮ್ಮೊಮ್ಮೆ ಎರಡು ಮೂರು ದಿನಗಳಲ್ಲೇ ಸುರಿದುಬಿಡುತ್ತವೆ. 2020ರ ಅಕ್ಟೋಬರ್ ಮಧ್ಯಭಾಗದ ಅತಿವೃಷ್ಟಿ, 2025ರ ಸಪ್ಟೆಂಬರ್‌ನ ಸೀನಾ ನದಿಯ ಮಹಾಪೂರ ಇದಕ್ಕೆ ಈಚಿನ ನಿದರ್ಶನಗಳು.

ಮೊದಲು ಪರೀಕ್ಷೆ, ಆಮೇಲೆ ಲೆಕ್ಕ

ಬೆಲೆ ಕೇಳುವ ಮೊದಲು ಮನೆಯನ್ನು ನೋಡಬೇಕು. ಈ ಲಕ್ಷಣಗಳಲ್ಲಿ ಒಂದಿದ್ದರೂ ಆ ಕೋಣೆಯಲ್ಲಿ ಮಕ್ಕಳನ್ನು, ಹಿರಿಯರನ್ನು ಮಲಗಿಸಬಾರದು:

1. ತೊಲೆ ಅಥವಾ ಜಂತಿ ನಡುವೆ ಬಾಗಿರುವುದು.
2. ಗೋಡೆಯೊಳಗೆ ಹುಗಿದ ತೊಲೆಯ ತುದಿ ಮೆತ್ತಗಾಗಿರುವುದು. ಚಾಕುವಿನ ಮೊನೆ ಸುಲಭವಾಗಿ ಇಳಿದರೆ ಮರ ಕೊಳೆತಿದೆ ಎಂದು ತಿಳಿಯಬೇಕು.
3. ಗೋಡೆ ಹೊಟ್ಟೆ ಬಿಟ್ಟಿರುವುದು ಅಥವಾ ಮೂಲೆಯಲ್ಲಿ ಮೇಲಿಂದ ಕೆಳಗೆ ಸೀಳು ಬಿಟ್ಟಿರುವುದು.
4. ಮಳೆ ಇಲ್ಲದಾಗಲೂ ಜಂತಿಗಳ ಸಂದಿನಿಂದ ಮಣ್ಣು ಉದುರುತ್ತಿರುವುದು.
5. ಕಂಬದ ಬುಡ ಕುಳಿತಿರುವುದು ಅಥವಾ ಗೆದ್ದಲು ತಿಂದಿರುವುದು.

ಅಂಥ ಕೋಣೆಗೆ ಹಣ ಕೂಡುವವರೆಗೆ ತಾತ್ಕಾಲಿಕ ಆಸರೆ ಬೇಕು. ಬಾಗಿದ ತೊಲೆಯ ಕೆಳಗೆ ಗಟ್ಟಿ ಕಂಬ ಕೊಡಿಸುವುದು, ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು, ದೋಣಿಗಳನ್ನು ಸ್ವಚ್ಛಗೊಳಿಸಿ ನೀರು ನಿಲ್ಲದಂತೆ ನೋಡುವುದು: ಇವು ಕಡಿಮೆ ಖರ್ಚಿನ, ಆದರೆ ಜೀವ ಉಳಿಸುವ ಕೆಲಸಗಳು. ಮಣ್ಣು ಇಳಿಸುವಾಗ ಒಂದೇ ಬದಿಯಿಂದ ಇಳಿಸದೆ ಎರಡೂ ಬದಿಗಳಿಂದ ಸಮನಾಗಿ ಇಳಿಸಬೇಕು. ಆ ಹೊತ್ತಿನಲ್ಲಿ ಮನೆಯೊಳಗೆ ಯಾರೂ ಇರಬಾರದು.

ಮೂರು ದಾರಿಗಳು

ಮೊದಲನೆಯದು, ಮಾಳಿಗೆಯನ್ನೇ ಹಗುರಗೊಳಿಸಿ ಉಳಿಸಿಕೊಳ್ಳುವುದು. ಕಂಬ, ತೊಲೆ ಗಟ್ಟಿಯಿದ್ದು ಕೆಲವೇ ಜಂತಿಗಳು ಕೆಟ್ಟಿದ್ದರೆ ಇದು ಎಲ್ಲಕ್ಕಿಂತ ಅಗ್ಗದ ದಾರಿ. ಹಳೆಯ ಮಣ್ಣನ್ನು ಇಳಿಸಿ, ಕೆಟ್ಟ ಜಂತಿ ಬದಲಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೆಳುವಾದ ಮಣ್ಣಿನ ಪದರ ಹಾಕಿ ಇಳಿಜಾರು ಕೊಡುವುದು. ಇದಕ್ಕೆ ಪ್ರತಿವರ್ಷ ಮಳೆಗಾಲದ ಮೊದಲು ಆರೈಕೆ ಬೇಕು.

ಎರಡನೆಯದು, ಪತ್ರಾ ಹಾಕಿಸುವುದು. ಕಬ್ಬಿಣದ ಪೈಪು, ಪತ್ರಾ ಎಲ್ಲ ಸೇರಿದರೂ 400 ಚದರ ಅಡಿಗೆ ಭಾರ ಒಂದು ಟನ್ನಿಗಿಂತ ಕಡಿಮೆ. ಹಳೆಯ ಗೋಡೆಗೆ ಇದು ಹಗುರ. ಕೊರತೆಯೆಂದರೆ ಬಿಸಿಲು ಮತ್ತು ಗಾಳಿ. ಏಪ್ರಿಲ್, ಮೇ ತಿಂಗಳ ಅವಕಾಳಿ ಮಳೆಯ ಬಿರುಗಾಳಿಗೆ ಸರಿಯಾಗಿ ಬಿಗಿಯದ ಪತ್ರಾ ಹಾರುತ್ತದೆ. ಕಲ್ಲು ಹೇರಿ ನಿಲ್ಲಿಸಿದ ಪತ್ರಾ ಇನ್ನೂ ಅಪಾಯಕರ, ಏಕೆಂದರೆ ಪತ್ರಾದೊಡನೆ ಕಲ್ಲೂ ಹಾರುತ್ತದೆ. ಪೈಪುಗಳನ್ನು ಗೋಡೆಗೆ ಕಾಂಕ್ರೀಟಿನಲ್ಲಿ ಹಿಡಿಸಿ, ಪತ್ರಾಗಳನ್ನು ಬೋಲ್ಟಿನಿಂದ ಬಿಗಿಯಬೇಕು. ಸಿಮೆಂಟ್ ಪತ್ರಾ ಅಗ್ಗವಾದರೂ ಅದರಲ್ಲಿ ಕಲ್ನಾರು ಇದ್ದರೆ ಕೊಯ್ಯುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮೂರನೆಯದು, ಸ್ಲ್ಯಾಬ್. ಎಲ್ಲರ ಮನಸ್ಸೂ ಇದರತ್ತಲೇ ಓಡುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. 5 ಇಂಚು ದಪ್ಪದ ಸ್ಲ್ಯಾಬಿನ ತೂಕ 400 ಚದರ ಅಡಿಗೆ ಸುಮಾರು 12 ಟನ್. ಮಣ್ಣಿಗಿಂತ ಇದು ಕಡಿಮೆಯಲ್ಲವೇ ಎಂದು ಕೇಳುವವರಿದ್ದಾರೆ. ಅಂಕಣದ ಮನೆಯಲ್ಲಿ ಮಾಳಿಗೆಯ ಭಾರವನ್ನು ಹೊರುವುದು ಕಂಬ; ಗೋಡೆ ಬಹುಮಟ್ಟಿಗೆ ಮರೆ ಮಾತ್ರ. ಕಂಬ ತೆಗೆದು, ಮಣ್ಣಿನ ಗಾರೆಯ ಹಳೆಯ ಗೋಡೆಯ ಮೇಲೆಯೇ ಸ್ಲ್ಯಾಬ್ ಕೂರಿಸಿದರೆ ಅದುವರೆಗೆ ಹೊರದ ಭಾರ ಆ ಗೋಡೆಯ ಮೇಲೆ ಬೀಳುತ್ತದೆ. ಹೊರಗಿನ ಗಿಲಾವು ಚೆನ್ನಾಗಿ ಕಂಡರೂ ಒಳಗಿನ ಮಣ್ಣು ಅದನ್ನು ತಾಳುವ ಭರವಸೆಯಿಲ್ಲ. ಸ್ಲ್ಯಾಬ್ ಬೇಕೆಂದರೆ ಪಾಯದಿಂದ ಕಾಂಕ್ರೀಟ್ ಕಂಬ ಎಬ್ಬಿಸಬೇಕು ಅಥವಾ ಗೋಡೆ ಹೊಸದಾಗಿ ಕಟ್ಟಬೇಕು. ಆ ಖರ್ಚನ್ನು ಸೇರಿಸದ ಅಂದಾಜು ಅಂದಾಜೇ ಅಲ್ಲ. ಗೌಂಡಿಯ ಮಾತಿನ ಜೊತೆಗೆ ಒಮ್ಮೆ ಇಂಜಿನಿಯರರಿಂದ ಗೋಡೆ, ಪಾಯ ತೋರಿಸಿಕೊಳ್ಳುವುದು ದುಂದಲ್ಲ.

ಅಂದಾಜುಪತ್ರಕ ಬರೆಯುವ ಬಗೆ

ಒಂದು ನೋಟುಪುಸ್ತಕ ತೆಗೆದು, ಮಕ್ಕಳ ಕೈಗೆ ಅಳತೆಪಟ್ಟಿ ಕೊಡಿ. ಆರನೆಯ, ಏಳನೆಯ ತರಗತಿಯ ಕ್ಷೇತ್ರಫಲ, ಘನಫಲ, ಶೇಕಡಾವಾರು ಲೆಕ್ಕಗಳು ಇಲ್ಲಿ ನಿಜವಾದ ಉಪಯೋಗಕ್ಕೆ ಬರುತ್ತವೆ. ಬೆಲೆ ತಿಂಗಳು ತಿಂಗಳಿಗೆ ಬದಲಾಗುವುದರಿಂದ ನಾವು ಇಲ್ಲಿ ಬೆಲೆ ಕೊಡದೆ ಪ್ರಮಾಣಗಳನ್ನು ಮಾತ್ರ ಕೊಡುತ್ತೇವೆ. ಬೆಲೆಯನ್ನು ನಿಮ್ಮೂರಿನ ಎರಡು ಮೂರು ಅಂಗಡಿಗಳಲ್ಲಿ ಕೇಳಿ ತುಂಬಿಕೊಳ್ಳಬೇಕು.

400 ಚದರ ಅಡಿ, 5 ಇಂಚಿನ ಸ್ಲ್ಯಾಬಿಗೆ ಕಾಂಕ್ರೀಟು ಸುಮಾರು 167 ಘನ ಅಡಿ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ ಎಂಬ ಪ್ರಮಾಣದಲ್ಲಿ ಸಿಮೆಂಟು ಸುಮಾರು 38 ಚೀಲ, ಉಸುಕು ಮುಕ್ಕಾಲು ಬ್ರಾಸ್, ಖಡಿ ಒಂದೂವರೆ ಬ್ರಾಸ್, ಕಬ್ಬಿಣದ ಸಳಿ 350ರಿಂದ 400 ಕಿಲೋ ಬೇಕಾಗುತ್ತದೆ. ಕಂಬ, ತೊಲೆ, ಪಾಯದ ಲೆಕ್ಕ ಇದಕ್ಕೆ ಹೊರತು. ಪತ್ರಾ ಆದರೆ ಇಳಿಜಾರು, ಒಂದರ ಮೇಲೊಂದು ಬರುವ ಅಂಚು, ಗೋಡೆಯಾಚೆಗಿನ ಚಾಚು ಇವುಗಳಿಗಾಗಿ ಐದನೆಯ ಒಂದು ಪಾಲು ಹೆಚ್ಚು ಹಿಡಿದು 480 ಚದರ ಅಡಿ ಎಂದು ಬರೆದುಕೊಳ್ಳಬೇಕು.

ಅಂದಾಜಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬುಗಳಿವು: ಹಳೆಯ ಮಾಳಿಗೆ ಇಳಿಸುವ ಕೂಲಿ, ಇಳಿಸಿದ ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ (400 ಚದರ ಅಡಿಯ, ಒಂದು ಅಡಿ ದಪ್ಪದ ಮಣ್ಣು ಸಡಿಲಾದ ಮೇಲೆ ಸುಮಾರು 5 ಬ್ರಾಸ್ ಆಗುತ್ತದೆ), ಗೋಡೆಯ ತಲೆ ಸರಿಪಡಿಸುವುದು, ಸೆಂಟ್ರಿಂಗ್, ನೀರಿನ ಟ್ಯಾಂಕರ್, ವಿದ್ಯುತ್ ತಂತಿ ಬದಲಾವಣೆ, ಕೆಲಸ ಮುಗಿಯುವವರೆಗಿನ ಬಾಡಿಗೆ ಮನೆ. ಇವೆಲ್ಲ ಸೇರಿಸಿದ ಮೊತ್ತದ ಮೇಲೆ ನೂರಕ್ಕೆ ಹದಿನೈದರಷ್ಟು ಆಕಸ್ಮಿಕ ಖರ್ಚಿಗೆಂದು ಇಡಬೇಕು. ಹಳೆಯ ಮನೆ ಬಿಚ್ಚಿದಾಗಲೇ ಅದರ ನಿಜವಾದ ಸ್ಥಿತಿ ಗೊತ್ತಾಗುವುದು.

ಜಮೆಯ ಬದಿಯಲ್ಲೂ ಒಂದು ಬಾಬು ಇದೆ. ಹಳೆಯ ಸಾಗುವಾನಿ ಕಂಬ, ತೊಲೆ, ಕೆತ್ತನೆಯ ಬಾಗಿಲುಗಳಿಗೆ ಒಳ್ಳೆಯ ಬೆಲೆ ಇದೆ. ಮನೆ ಇಳಿಸುವವನಿಗೆ ಕೂಲಿಯ ಬದಲು ಮರ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡು ಮೋಸ ಹೋಗಬಾರದು. ಇಬ್ಬರು ವ್ಯಾಪಾರಿಗಳಿಂದ ಬೆಲೆ ಕಟ್ಟಿಸಿ ಮಾರಬೇಕು. ಮಣ್ಣನ್ನು ಹೊಲಕ್ಕೆ ಹಾಕಿಸಿಕೊಳ್ಳುವವರಿದ್ದರೆ ಸಾಗಣೆಯ ಖರ್ಚೂ ಉಳಿಯುತ್ತದೆ.

ತಿಂಗಳಿಗೆ ಎಷ್ಟು ಉಳಿಸಬೇಕು?

ಒಂದು ಉದಾಹರಣೆ ನೋಡೋಣ. ಇಂದಿನ ಅಂದಾಜು 1,50,000 ರೂ. ಎಂದಿಟ್ಟುಕೊಳ್ಳಿ. ಆಕಸ್ಮಿಕ ಖರ್ಚಿಗೆ ನೂರಕ್ಕೆ 15 ಸೇರಿಸಿದರೆ 1,72,500 ರೂ. ಕೆಲಸ ಮೂರು ವರ್ಷಗಳ ನಂತರ. ವರ್ಷಕ್ಕೆ ನೂರಕ್ಕೆ 6ರಂತೆ ಬೆಲೆ ಏರುತ್ತದೆಂದು ಹಿಡಿದರೆ ಆಗ ಬೇಕಾಗುವುದು ಸುಮಾರು 2,05,500 ರೂ. ಕೈಯಲ್ಲಿರುವ ಹಣ ಮತ್ತು ಹಳೆಯ ಮರದ ಬೆಲೆ ಸೇರಿ 45,000 ರೂ. ಎಂದಾದರೆ ಕೂಡಿಸಬೇಕಾದದ್ದು 1,60,500 ರೂ. ಇದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 4,460 ರೂ. ಆಗುತ್ತದೆ.

ಒಕ್ಕಲುತನದ ಮನೆಗೆ ತಿಂಗಳ ಆದಾಯ ಇರುವುದಿಲ್ಲ. ಅಂಥವರು ತೊಗರಿ, ಜೋಳ, ಕಬ್ಬಿನ ಬಿಲ್ಲು ಬಂದಾಗ ವರ್ಷಕ್ಕೆ 30,000 ರೂ. ಒಟ್ಟಿಗೆ ತೆಗೆದಿಟ್ಟು, ಹೈನು ಅಥವಾ ಕೂಲಿಯ ಆದಾಯದಿಂದ ತಿಂಗಳಿಗೆ 2,000 ರೂ. ಉಳಿಸಿದರೆ ವರ್ಷಕ್ಕೆ 54,000, ಮೂರು ವರ್ಷಕ್ಕೆ 1,62,000 ರೂ. ಆಗುತ್ತದೆ. ವಾರದ ಬಟವಾಡೆ ಪಡೆಯುವ ಬೀಡಿ ಕಾರ್ಮಿಕರು, ಯಂತ್ರಮಗ್ಗದ ಕಾರ್ಮಿಕರು ವಾರದ ಲೆಕ್ಕದಲ್ಲೇ ಉಳಿಸುವುದು ಒಳ್ಳೆಯದು.

ಇಷ್ಟು ಸಾಧ್ಯವಿಲ್ಲದ ಮನೆಯವರು ಎದೆಗುಂದಬೇಕಿಲ್ಲ. ಪತ್ರಾ ಅಥವಾ ಮಾಳಿಗೆ ದುರಸ್ತಿಯನ್ನು ಕೋಣೆಕೋಣೆಯಾಗಿ ಮಾಡಿಸಬಹುದು. ಮೊದಲ ವರ್ಷ ಎಲ್ಲರೂ ಮಲಗುವ ಕೋಣೆ, ಎರಡನೆಯ ವರ್ಷ ಅಡುಗೆಮನೆ, ಮೂರನೆಯ ವರ್ಷ ಪಡಸಾಲೆ. ಸ್ಲ್ಯಾಬಿಗೆ ಈ ಕ್ರಮ ಹಿಡಿಸದು. ಸೆಂಟ್ರಿಂಗ್ ಖರ್ಚು ಎರಡು ಸಲ ಬರುತ್ತದೆ, ಜೋಡಣೆಯಲ್ಲಿ ನೀರು ಇಳಿಯುತ್ತದೆ.

ಒಂದು ನಿಯಮವನ್ನು ಮಾತ್ರ ಸಡಿಲಿಸಬಾರದು: ಮಾಳಿಗೆಯ ಹಣ ಬೇರೆ, ಮಕ್ಕಳ ಓದಿನ ಹಣ ಬೇರೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಸಿಮೆಂಟಿನ ಅವಸರ ಯಾವಾಗಲೂ ಪುಸ್ತಕದ ಅವಸರವನ್ನು ಗೆಲ್ಲುತ್ತದೆ.

ಹಣ ಎಲ್ಲಿಡಬೇಕು?

ಐದು ವರ್ಷ ಕಾಯಬಲ್ಲವರಿಗೆ ಅಂಚೆ ಕಚೇರಿಯ ಆವರ್ತ ಠೇವಣಿ ಒಳ್ಳೆಯದು. ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು. 2023ರ ಅಕ್ಟೋಬರ್‌ನಲ್ಲಿ ಇದರ ಬಡ್ಡಿ ನೂರಕ್ಕೆ 6.7 ಎಂದು ನಿಗದಿಯಾಯಿತು. ಆ ದರದಲ್ಲಿ ತಿಂಗಳಿಗೆ 2,000 ರೂ. ಕಟ್ಟಿದರೆ 60 ತಿಂಗಳಿಗೆ ಸುಮಾರು 1,42,700 ರೂ. ಬರುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುವುದರಿಂದ ಖಾತೆ ತೆರೆಯುವ ದಿನದ ದರ ಕೇಳಿಕೊಳ್ಳಬೇಕು. ಮೂರು ವರ್ಷದ ನಂತರ ಮುಚ್ಚಲು ಅವಕಾಶವಿದ್ದರೂ ಆಗ ಸಿಗುವುದು ಉಳಿತಾಯ ಖಾತೆಯ ಕಡಿಮೆ ಬಡ್ಡಿ. ಆದ್ದರಿಂದ ಮೂರು ವರ್ಷದ ಗುರಿಗೆ ಬ್ಯಾಂಕಿನ 36 ತಿಂಗಳ ಆವರ್ತ ಠೇವಣಿಯೇ ಸರಿ.

ಬ್ಯಾಂಕುಗಳಲ್ಲಿರುವ ಠೇವಣಿಗೆ, ಸಹಕಾರಿ ಬ್ಯಾಂಕು ಸೇರಿದಂತೆ, ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2022ರ ಸಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಸೊಲ್ಲಾಪುರದ ಲಕ್ಷ್ಮೀ ಸಹಕಾರಿ ಬ್ಯಾಂಕಿನ ಪರವಾನಗಿ ರದ್ದುಪಡಿಸಿದಾಗ ಠೇವಣಿದಾರರಿಗೆ ಆಧಾರವಾದದ್ದು ಈ ವಿಮೆಯೇ. ಆದರೆ ಪತಸಂಸ್ಥೆಗಳಿಗೆ, ಭಿಶಿಗಳಿಗೆ ಈ ವಿಮೆ ಇಲ್ಲ. ಹೆಚ್ಚು ಬಡ್ಡಿಯ ಆಸೆಗೆ ಮಾಳಿಗೆಯ ಇಡೀ ಗಂಟನ್ನು ಅಲ್ಲಿಡಬಾರದು. ಮಹಿಳೆಯರ ಬಚತ ಗಟಗಳು ಶಿಸ್ತಿಗೆ ಬಹಳ ಸಹಾಯಕ. ಗಟದ ಹಣ ಬ್ಯಾಂಕ್ ಖಾತೆಯಲ್ಲೇ ಇರುವಂತೆ ನೋಡಿಕೊಂಡರೆ ಸಾಕು.

ಸಾಲ ಮಾಡಲೇಬೇಕಾದರೆ

ಒಂದು ಲಕ್ಷ ರೂಪಾಯಿ, ಮೂರು ವರ್ಷ, ನೂರಕ್ಕೆ 12 ಬಡ್ಡಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಪದ್ಧತಿಯಲ್ಲಿ ತಿಂಗಳ ಕಂತು ಸುಮಾರು 3,321 ರೂ., ಒಟ್ಟು ಬಡ್ಡಿ ಸುಮಾರು 19,600 ರೂ. ಅದೇ 12ನ್ನು ಮೊದಲ ಅಸಲಿನ ಮೇಲೆಯೇ ಮೂರು ವರ್ಷವೂ ಹಾಕಿದರೆ ಬಡ್ಡಿ 36,000 ರೂ. ಖಾಸಗಿ ಸಾಹುಕಾರನ ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷವೊಂದಕ್ಕೇ 36,000 ರೂ. ಬಡ್ಡಿ, ಅಸಲು ಹಾಗೆಯೇ ನಿಂತಿರುತ್ತದೆ. ಸಹಿ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು? ಮಹಾರಾಷ್ಟ್ರದ 2014ರ ಸಾಹುಕಾರಿ ನಿಯಂತ್ರಣ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ ಎಂಬುದೂ ತಿಳಿದಿರಲಿ.

ಸರ್ಕಾರದ ನೆರವು ಮತ್ತು ಕಾಗದಪತ್ರ

ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಆರಂಭವಾಯಿತು. ಕಚ್ಚಾ ಮನೆಯವರಿಗೆ ಬಯಲುಸೀಮೆಯಲ್ಲಿ 1,20,000 ರೂ. ಕಂತುಕಂತಾಗಿ ದೊರೆಯುತ್ತದೆ. ಇದು ಕನಿಷ್ಠ 25 ಚದರ ಮೀಟರಿನ ಹೊಸ ಪಕ್ಕಾ ಮನೆಗೆ, ಕೇವಲ ದುರಸ್ತಿಗಲ್ಲ. ಅಕ್ಕಲಕೋಟ, ಮೈಂದರ್ಗಿ, ದುಧನಿಗಳಲ್ಲಿ ನಗರ ಪರಿಷತ್ತು ಇರುವುದರಿಂದ ಅಲ್ಲಿನವರಿಗೆ ನಗರ ವಿಭಾಗದ ಯೋಜನೆ ಅನ್ವಯಿಸುತ್ತದೆ; ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಅದರಲ್ಲಿ 2.50 ಲಕ್ಷ ರೂಪಾಯಿಯವರೆಗೆ ನೆರವಿದೆ. ಪರಿಶಿಷ್ಟ ಜಾತಿ ಹಾಗೂ ನವಬೌದ್ಧರಿಗೆ ರಮಾಯಿ ಆವಾಸ, ಪರಿಶಿಷ್ಟ ಪಂಗಡದವರಿಗೆ ಶಬರಿ ಘರಕುಲ ಯೋಜನೆಗಳಿವೆ. ಪಟ್ಟಿಯಲ್ಲಿ ಹೆಸರಿದ್ದರೆ ನೆರವು ಬರುವ ಮೊದಲೇ ಮನೆ ಕೆಡವಬಾರದು. ಹಳೆಯ ಮನೆಯ ಛಾಯಾಚಿತ್ರ, ಪರಿಶೀಲನೆ ಆಗಬೇಕಾಗುತ್ತದೆ.

ಮಳೆಗೆ ಮನೆ ಬಿದ್ದರೆ ಸಿಗುವ ಪರಿಹಾರದ ಮೇಲೆ ಭರವಸೆ ಇಟ್ಟು ಕೂರುವುದು ಜಾಣತನವಲ್ಲ. ಕೇಂದ್ರದ 2022-26ರ ವಿಪತ್ತು ಪರಿಹಾರ ಮಾರ್ಗಸೂಚಿಯಂತೆ ಮನೆ ಪೂರ್ಣ ನಾಶವಾದರೆ 1,20,000 ರೂ.; ಭಾಗಶಃ, ಅಂದರೆ ಕನಿಷ್ಠ ನೂರಕ್ಕೆ 15ರಷ್ಟು ಬಿದ್ದರೆ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500 ರೂ. ಮಾತ್ರ. ಅದಕ್ಕೂ ಪಂಚನಾಮೆ ಆಗಲೇಬೇಕು. ಬಿದ್ದ ದಿನವೇ ಛಾಯಾಚಿತ್ರ ತೆಗೆದು ತಲಾಠಿಯವರಿಗೆ ಲಿಖಿತವಾಗಿ ತಿಳಿಸಬೇಕು.

ಅರ್ಜಿಗಳೆಲ್ಲ ಮರಾಠಿಯಲ್ಲಿರುವುದರಿಂದ ಕೆಲವು ಪದಗಳನ್ನು ತಿಳಿದಿರುವುದು ಒಳಿತು. ‘ನಮುನಾ 8’ ಎಂದರೆ ಗ್ರಾಮ ಪಂಚಾಯಿತಿಯ ಮನೆ ತೆರಿಗೆ ದಾಖಲೆಯ ಉತಾರ. ‘ಮಾಲಮತ್ತಾ ಪತ್ರಕ’ ಎಂದರೆ ನಗರ ಭೂಮಾಪನದ ಆಸ್ತಿ ಪತ್ರ. ಸ್ವಾಮಿತ್ವ ಯೋಜನೆಯ ಡ್ರೋನ್ ಮಾಪನದ ನಂತರ ಗಾವಠಾಣದ ಮನೆಗಳಿಗೂ ಇದು ದೊರೆಯುತ್ತಿದೆ. ‘ವಾರಸ ನೋಂದ’ ಎಂದರೆ ವಾರಸುದಾರರ ಹೆಸರು ದಾಖಲಿಸುವುದು. ‘ನಾ ಹರಕತ’ ಎಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ. ‘ಹಪ್ತಾ’ ಎಂದರೆ ಕಂತು. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಉಳಿತಾಯ ಆರಂಭಿಸಿದ ವರ್ಷವೇ ವಾರಸ ನೋಂದ ಮಾಡಿಸಿ, ಅಣ್ಣತಮ್ಮಂದಿರ ಒಪ್ಪಿಗೆ ಬರೆಸಿಕೊಳ್ಳಬೇಕು. ಹಣ ಕೂಡಿದ ಮೇಲೆ ಎರಡು ಮನೆಗಳ ನಡುವಿನ ಗೋಡೆಯ ಜಗಳದಿಂದ ಕೆಲಸ ನಿಂತದ್ದುಂಟು.

ಕೆಲಸದ ಕಾಲ

ದೀಪಾವಳಿ ಮುಗಿದ ಮೇಲೆ ಗೋಡೆ ಒಣಗಿರುತ್ತದೆ. ಸಂಕ್ರಾಂತಿಯ ಗಡ್ಡದ ಜಾತ್ರೆಯ ನಂತರ ಮಾಳಿಗೆ ಇಳಿಸಿ, ಶಿವರಾತ್ರಿಯ ಹೊತ್ತಿಗೆ ಮುಖ್ಯ ಕೆಲಸ ಮುಗಿಸಿದರೆ ಉರಿಬಿಸಿಲೂ ತಪ್ಪುತ್ತದೆ, ನೀರಿನ ಅಭಾವವೂ ತಪ್ಪುತ್ತದೆ. ಸ್ಲ್ಯಾಬಿಗೆ ಕನಿಷ್ಠ 10 ದಿನ ಬಿಡದೆ ನೀರು ಹಿಡಿಸಬೇಕು. 14 ದಿನಗಳ ಮೊದಲು ಆಸರೆ ಬಿಚ್ಚಲು ಒಪ್ಪಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಕೊಂಡು ಈ ಕೆಲಸ ಮಾಡುವುದು ದುಬಾರಿ. ಗೌಂಡಿಗೆ ಹಣವನ್ನು ಕೆಲಸ ಮುಗಿದಷ್ಟಕ್ಕೆ ಮಾತ್ರ ಕೊಟ್ಟು, ಪ್ರತಿ ಸಲವೂ ನೋಟುಪುಸ್ತಕದಲ್ಲಿ ಸಹಿ ಪಡೆಯಬೇಕು. ಕೊನೆಯ ಹತ್ತನೆಯ ಒಂದು ಪಾಲನ್ನು ಮೊದಲ ಮಳೆ ಬಿದ್ದು ಸೋರುವುದಿಲ್ಲವೆಂದು ಕಂಡ ಮೇಲೆ ಕೊಡುವ ಮಾತಾಗಿರಲಿ.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ನಾಡು ನಮ್ಮದು. ಹಲವರ ಕೈಯಿಂದ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಆಗುವ ಕೆಲಸ ನಮಗೆ ಹೊಸದಲ್ಲ. ಮಿರಗದ ಮಳೆಗೆ ಮುನ್ನ ಒಂದು ಭಾನುವಾರ ಮಕ್ಕಳೊಡನೆ ಮಾಳಿಗೆಯನ್ನು ಅಳೆದು, ಮೇಲಿನ ಐದು ಲಕ್ಷಣಗಳನ್ನು ಪರೀಕ್ಷಿಸಿ, ನೋಟುಪುಸ್ತಕದ ಮೊದಲ ಪುಟ ಬರೆಯಿರಿ. ಅಳತೆಯಲ್ಲಿ, ಅರ್ಜಿಯ ಮರಾಠಿಯಲ್ಲಿ ತೊಡಕು ಬಂದರೆ ನಿಮ್ಮ ಮಕ್ಕಳ ಕನ್ನಡ ಶಾಲೆಯ ಶಿಕ್ಷಕರನ್ನು ಕೇಳಿ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕುಳಿತು ಅದನ್ನು ಬಿಡಿಸಿಕೊಡುವುದೂ ನಮ್ಮ ಕೆಲಸವೇ.